ನಲವತ್ತೇಳನೆಯ ಗೌರಿ

ಮಕ್ಕಳಿಗೆ ಹೆಸರಿಡುವಾಗ ಪಂಚಾಂಗವನ್ನೂ ನಕ್ಷತ್ರವನ್ನೂ ಸೋದರತ್ತೆಯ ಮುಖಭಾವವನ್ನೂ ನೋಡುವ ನಮ್ಮೂರಿನವರು, ಹಸುವಿಗೆ ಹೆಸರಿಡುವಾಗ ಮಾತ್ರ ಯಾರನ್ನೂ ಕೇಳದೆ ಗೌರಿ ಎಂದುಬಿಡುತ್ತಾರೆ. ನಾನು ಎಣಿಸಿದ್ದೇನೆ, ಎಣಿಸುವುದು ನನ್ನ ದೌರ್ಬಲ್ಯ. ಮಾಲೂರಿನಿಂದ ಲಕ್ಕೂರಿನ ಕಡೆಗೆ ಹೋಗುವ ದಾರಿಯಲ್ಲಿರುವ ನಮ್ಮ ಪುಟ್ಟ ಊರಿನಲ್ಲಿ ಹಸುಗಳು ಅರವತ್ತೆರಡು, ಅವುಗಳಲ್ಲಿ ಗೌರಿಯರು ಹತ್ತೊಂಬತ್ತು. ನನ್ನ ದಿನಚರಿಯ ಡೈರಿಯಲ್ಲಿದೆ, ನಂಬದವರು ಬಂದು ನೋಡಬಹುದು.

ಈ ಗೌರಿಯರು ಮತ್ತೆ ನೆನಪಾದದ್ದು ಕಳೆದ ವಾರ, ಕೋಲಾರದ ಕಂಪ್ಯೂಟರ್ ತರಗತಿಯಲ್ಲಿ, ಒಂದೇ ಯಂತ್ರದ ಸುತ್ತ ನಾವು ಹದಿನಾಲ್ಕು ಮಂದಿ ಕುಳಿತಿದ್ದಾಗ. ಮೇಷ್ಟ್ರು ಹಲಗೆಯ ಮೇಲೆ ಅಡ್ಡುದ್ದ ಗೆರೆ ಎಳೆದು, ಡೇಟಾಬೇಸಿನ ಪಟ್ಟಿ ಕಟ್ಟುವವನು ಮೂರು ಶಿಸ್ತುಗಳನ್ನು ಪಾಲಿಸಬೇಕು ಎಂದರು. ಪ್ರತಿ ಸಾಲಿಗೂ ಇನ್ನೊಂದಕ್ಕಿರದ ಗುರುತು ಬೇಕು. ಪ್ರತಿ ಅಂಕಣದಲ್ಲಿಯೂ ಅಲ್ಲಿಗೆ ಸಲ್ಲುವುದು ಮಾತ್ರ ಇರಬೇಕು. ಒಂದು ಪಟ್ಟಿ ಇನ್ನೊಂದು ಪಟ್ಟಿಯ ಸಾಲನ್ನು ಬೆರಳು ಮಾಡಿ ತೋರಿಸಿದರೆ, ಆ ಸಾಲು ಅಲ್ಲಿ ನಿಜವಾಗಿಯೂ ಇರಬೇಕು. ಇದೇ ಡೇಟಾ ಇಂಟೆಗ್ರಿಟಿ ಎಂದರು. ಎಲ್ಲರೂ ಹೊಸ ವಿದ್ಯೆಯೆಂದು ಬರೆದುಕೊಂಡರು. ನಾನು ಪೆನ್ನು ತೆರೆಯಲಿಲ್ಲ. ಈ ಮೂರನ್ನೂ ನನಗೆ ಎರಡು ವರ್ಷ ಮೊದಲೇ ಚೆನ್ನರಾಯಪ್ಪನವರು ಕಲಿಸಿದ್ದರು.

ಚೆನ್ನರಾಯಪ್ಪನವರು ನಮ್ಮೂರಿನ ದನದ ಆಸ್ಪತ್ರೆಯ ಕಾಂಪೌಂಡರು. ಮುಳಬಾಗಿಲಿನ ಕಡೆಯವರಾದ್ದರಿಂದ ಅವರ ಮಾತು ಕನ್ನಡದಲ್ಲಿ ಹೊರಟರೆ ತೆಲುಗಿನಲ್ಲಿ ತಲುಪಬಹುದಿತ್ತು. ಬರವಣಿಗೆ ಮಾತ್ರ ದಾರಿ ತಪ್ಪುತ್ತಿರಲಿಲ್ಲ. ಅವರ ಬಳಿ ಎರಡು ಪುಸ್ತಕಗಳಿದ್ದವು, ಹಸುಗಳದೊಂದು, ಕರುಗಳದೊಂದು. ಹಸುವಿನ ಸಾಲು ಕಿವಿಯ ಬಿಲ್ಲೆಯ ಸಂಖ್ಯೆಯಿಂದ ಶುರುವಾಗಬೇಕು. ಕರುವಿನ ಸಾಲಿನಲ್ಲಿ ತಾಯಿಯ ಸಂಖ್ಯೆ ಇರಬೇಕು. ಎಷ್ಟನೆಯ ಸೂಲು, ಅಂದರೆ ಹಸು ಕರು ಹಾಕಿದ್ದು ಎಷ್ಟನೆಯ ಸಲ, ಎಂಬ ಅಂಕಣದಲ್ಲಿ ನಾನೊಮ್ಮೆ ‘ಬಹಳ ಸಾಧು ಹಸು’ ಎಂದು ಬರೆದಾಗ, “ಅಲ್ಲಿ ಅಂಕಿ ಬರಿಯಪ್ಪಾ, ಹೊಗಳಿಕೆ ಮದುವೆಮನೇಗೆ ಇಟ್ಕೋ” ಎಂದಿದ್ದರು.

ಆ ಬೇಸಿಗೆಯಲ್ಲಿ ಹಸುಗಳ ಪುಸ್ತಕ ಹರಿದಿತ್ತು. ಪರೀಕ್ಷೆ ಬರೆದು ಸುಮ್ಮನಿದ್ದ ನಾನು ಅದನ್ನು ಹೊಸದಾಗಿ ಬರೆದುಕೊಡಲು ಒಪ್ಪಿಕೊಂಡೆ. ಅಕ್ಷರ ದುಂಡಗಿರುವವನ ಅಹಂಕಾರಕ್ಕೆ ಯಾವ ಆಸ್ಪತ್ರೆಯಲ್ಲಿಯೂ ಮದ್ದಿಲ್ಲ. ಬರೆಯುತ್ತ ಹೋದಾಗ ‘ಮುನಿಯಮ್ಮ, ಗೌರಿ, ಕಪ್ಪು-ಬಿಳಿ’ ಎಂಬ ಒಡತಿ, ಹೆಸರು, ಬಣ್ಣದ ಸಾಲು ಎರಡು ಸಲ ಸಿಕ್ಕಿತು, ಬಿಲ್ಲೆಯ ಸಂಖ್ಯೆ ಒಮ್ಮೆ ಹದಿನೇಳು, ಇನ್ನೊಮ್ಮೆ ನಲವತ್ತೇಳು. ಮುದುಕರಾದ ಚೆನ್ನರಾಯಪ್ಪನವರ ಕೈನಡುಕದಿಂದ ಒಂದೇ ಹಸು ಎರಡಾಗಿದೆಯೆಂದು ತೀರ್ಮಾನಿಸಿ, ನಲವತ್ತೇಳನ್ನು ಕೈಬಿಟ್ಟೆ. ನಮ್ಮ ಸೀಮೆಯಲ್ಲಿ ಬೀದಿಗೊಬ್ಬರು ಮುನಿಯಮ್ಮ ಇರುತ್ತಾರೆಂಬುದು ಆ ಗಳಿಗೆಯಲ್ಲಿ ಹೊಳೆಯಲಿಲ್ಲ.

ಮಳೆಗೆ ಮುಂಚೆ ಗಂಟಲುಬೇನೆಯ ಚುಚ್ಚುಮದ್ದು ನನ್ನ ದುಂಡಗಿನ ಪಟ್ಟಿಯ ಪ್ರಕಾರವೇ ನಡೆಯಿತು. ಎಂಟು ದಿನಗಳ ನಂತರ ಪಕ್ಕದ ಊರಿನಲ್ಲಿ ಆ ರೋಗಕ್ಕೆ ಎರಡು ಎಮ್ಮೆ ಸತ್ತವು. ಅಂದೇ ಮಧ್ಯಾಹ್ನ ಕರುಗಳ ಪುಸ್ತಕವನ್ನು ಹೊಸ ಪುಸ್ತಕದೊಂದಿಗೆ ತಾಳೆ ನೋಡುತ್ತಿದ್ದ ಚೆನ್ನರಾಯಪ್ಪನವರು ಕನ್ನಡಕ ತೆಗೆದರು.

“ಏಮಯ್ಯಾ, ಈ ಕರೂಗೆ ತಾಯಿ ನಲವತ್ತೇಳು ಅಂತೈತೆ. ನಿನ್ ಪುಸ್ತಕದಾಗೆ ನಲವತ್ತೇಳೇ ಇಲ್ವಲ್ಲ. ಕರು ಆಕಾಶದಿಂದ ಬಿತ್ತಾ?”

“ಅದು ಹದಿನೇಳೇ ಇರ್ಬೇಕು, ಸಾರ್.”

“ಹದಿನೇಳು ಈ ವರ್ಷ ಕರು ಹಾಕೇ ಇಲ್ಲ ಕಣೋ. ಸೈಕಲ್ ತೆಗಿ!”

ಕೆಳಗಿನ ಬೀದಿಯ ಮುನಿಯಮ್ಮನವರ ಹಟ್ಟಿಯಲ್ಲಿ, ಅವರಿಗಿದ್ದ ಒಂದೇ ಒಂದು ಹಾಲು ಕರೆಯುವ ಹಸುವಿನ ಕಿವಿಯಲ್ಲಿ, ನಲವತ್ತೇಳು ಸ್ಪಷ್ಟವಾಗಿತ್ತು. ಮದ್ದು ಚುಚ್ಚಿ ಹಿಂತಿರುಗುವಾಗ ಚೆನ್ನರಾಯಪ್ಪನವರು ನನ್ನನ್ನು ಬೈಯಲಿಲ್ಲ. “ಮದ್ದು ಮೈಗೆ ಹಿಡಿಯೋಕೆ ಎರಡು ವಾರ ಬೇಕು” ಎಂದರು, ಅಷ್ಟೆ. ಬೈದಿದ್ದರೆ ಅಂದು ನಿದ್ದೆ ಬರುತ್ತಿತ್ತು. ಎರಡು ಪುಸ್ತಕಗಳನ್ನು ಒಂದಕ್ಕೊಂದು ಕಾವಲಿಟ್ಟಿದ್ದ ಆ ಮನುಷ್ಯನ ಮೇಲೆ ನನಗೆ ಭಕ್ತಿಯಂಥದು ಹುಟ್ಟಿದ್ದು ಅಂದೇ. ಬಿಲ್ಲೆಯ ಅಂಕಿ ಹಸುವಿನ ಬಗ್ಗೆ ಏನನ್ನೂ ಹೇಳುವುದಿಲ್ಲ. ಇದು ಇನ್ನೊಂದಲ್ಲ ಎಂದಷ್ಟೇ ಹೇಳುತ್ತದೆ. ಅದಕ್ಕಿಂತ ದೊಡ್ಡ ಮರ್ಯಾದೆ ಯಾವುದು?

ಹದಿನಾಲ್ಕು ದಿನ ತಪ್ಪದೆ ಆ ಹಟ್ಟಿಗೆ ಹೋದೆ. ಮೇವು ತಿಂದಿತು, ಮೆಲುಕು ಹಾಕಿತು, ಮೂಗು ಒದ್ದೆ ಎಂದು ಡೈರಿಯಲ್ಲಿ ಬರೆದೆ. ಆರನೆಯ ದಿನ ಪಕ್ಕದ ಊರಿನಲ್ಲಿ ಇನ್ನೊಂದು ಎಮ್ಮೆ ಹೋಯಿತು. ಅಂದು ಎರಡು ಸಲ ಹೋದೆ. “ಏನ್ಲಾ, ದಿನಾ ಬತ್ತೀಯ, ಹೆಣ್ಣು ನೋಡಾಕೆ ಬಂದಂಗೆ!” ಎಂದು ಮುನಿಯಮ್ಮ ನಕ್ಕರು. ಹದಿನಾಲ್ಕನೆಯ ದಿನ ಹಸು ನೆಟ್ಟಗೆ ನಿಂತಿರುವುದನ್ನು ನೋಡಿ, ನಡೆದದ್ದನ್ನೆಲ್ಲ ಒಪ್ಪಿಕೊಂಡೆ.

ಅವರ ನಗು ನಿಂತಿತು. ಹಸುವಿನ ಬೆನ್ನಿನ ಮೇಲೆ ಕೈಯಿಟ್ಟರು.

“ಮೇಗಲ ಬೀದಿ ಮುನಿಯಮ್ಮನ ಹಸೂನೂ ಇದೂ ಒಂದೇ ಅಂದ್ಕೊಂಡ್ಯಾ? ಅದು ಒದೀತೈತೆ ಕಣೋ! ನನ್ ಗೌರಿ ಯಾವತ್ತಾದ್ರೂ ಒದ್ದವಳಾ?”

ಹದಿನಾಲ್ಕು ದಿನಗಳ ನನ್ನ ಟಿಪ್ಪಣಿಗಳಲ್ಲಿ ಆ ವಿಷಯ ಎಲ್ಲಿಯೂ ಇರಲಿಲ್ಲ. ಅವರೆದುರಿಗೇ ಡೈರಿ ತೆಗೆದು ಬರೆದುಕೊಂಡೆ: ನಲವತ್ತೇಳು, ಒದೆಯುವುದಿಲ್ಲ.