ಅನ್ನಕ್ಕೆ ಮುಂಚೆ ಒಂದು ಮಾತು

ಹಲಸಿನ ಮೇಣದ ವಾಸನೆ ಕೈಯಿಂದ ಬೇಗ ಹೋಗಲ್ಲ. ಕೊಬ್ರಿ ಎಣ್ಣೆ ಹಚ್ಚಿ ತಿಕ್ಕಿದ್ರೂ ಉಗುರಿನ ಸಂದೀಲಿ ಉಳ್ಕೊಳ್ತದೆ. ತಿತಿಮತಿ ಕಡೆ ತೋಟಗಳಲ್ಲಿ ಹಲಸು ಹಣ್ಣಾಗೋಕೆ ಬಿಡಲ್ಲ. ಹಣ್ಣಾದ್ರೆ ವಾಸನೆ ಹಿಡ್ಕೊಂಡು ಆನೆ ಬರ್ತದೆ. ಅದಕ್ಕೇ ಎಳೇದ್ರಲ್ಲೇ ಮರ ಹತ್ತಿ ಕಡಿದು ಹಾಕ್ಬೇಕು. ಈಗ ಆ ಕೆಲಸ ನಂದು. ಸಂಜೆ ಮರ ಇಳಿದು ಕೈ ಮೂಸಿದ್ರೆ ಸಾಕು, ನಾವಿದ್ದ ಲೈನ್ ಮನೆ, ಕಾಫಿ ಕಡ್ಡಿ ಉರಿಯೋ ಒಲೆ, ಒಲೆ ಮುಂದೆ ಸೌಟು ಹಿಡ್ಕೊಂಡು ಕೂತ ಅಜ್ಜಿ, ಎಲ್ಲಾ ಬಂದ್ಬಿಡ್ತದೆ. ಚಂದ್ರ ಮಾವನ ಕೈಯೂ ಹಿಂಗೇ ನಾರ್ತಿತ್ತು.

ಎಸ್ಟೇಟ್ ಲೈನಲ್ಲಿ, ಅಂದ್ರೆ ತೋಟದ ಆಳುಗಳ ಸಾಲುಮನೇಲಿ, ಕೊನೇ ಮನೆ ನಮ್ದು. ಅಜ್ಜಿ, ಅವಳ ಮಗಳು ಅಂದ್ರೆ ನಮ್ಮಮ್ಮ, ಅಜ್ಜಿ ಮಗ ಚಂದ್ರ ಮಾವ, ಆಮೇಲೆ ನಾನು. ಒಂದೇ ಕೋಣೆ. ಮಲಗಿದ್ರೆ ಒಬ್ರ ಕಾಲು ಇನ್ನೊಬ್ರ ತಲೆಗೆ. ಅಜ್ಜಿದು ಒಂದು ಕಾನೂನು ಇತ್ತು. ಇವತ್ತು ಏನೊಳ್ಳೇದಾಯ್ತು ಅಂತ ಒಬ್ಬೊಬ್ರೂ ಒಂದು ಮಾತು ಹೇಳ್ಬೇಕು, ಆಮೇಲೇ ತಟ್ಟೆಗೆ ಅನ್ನ. ಹಸಿದು ಬಂದೋರಿಗೆ ಇದೆಂಥ ಕಾಟ ಅಂತ ನಂಗೆ ಸಿಟ್ಟು ಬರ್ತಿತ್ತು. ಅಮ್ಮ ಕಾಫಿ ಹಣ್ಣು ಪಿಕ್ಕಿಂಗ್ ಮುಗಿಸಿ ಬಂದು ಸೊಂಟ ಹಿಡ್ಕೊಂಡು "ಬಿಸ್ಲು ಕಮ್ಮಿ ಇತ್ತು" ಅಂತಿದ್ಲು. ನಾನು "ಮೇಷ್ಟ್ರು ಬರ್ಲಿಲ್ಲ" ಅಂತಿದ್ದೆ. ಮಾವಂದು ಬರೀ ತಮಾಷೆ. "ರೈಟರ್ ಇವತ್ತು ಒಂದೇ ಸಲ ಬೈದ" ಅನ್ನೋನು. ಆಳುಗಳ ಕೆಲಸ ನೋಡೋ ಆ ರೈಟರ್‌ಗೆ ಬೈಯೋದೇ ಕಸುಬು. ಅಜ್ಜಿ "ಪಾಪ, ಅವನ ಬಾಯಿಗೂ ರೆಸ್ಟ್ ಸಿಕ್ತು ಬಿಡು" ಅಂತ ಸೌಟು ಎತ್ತೋಳು. ಅಷ್ಟೊತ್ತಿಗೆ ಸಾರಿನ ಬಿಸಿ ಅರ್ಧ ಹೋಗಿರೋದು.

ಒಂದು ವರ್ಷ ಮಳೆ ಹಿಡಿಯೋಕೆ ಮುಂಚೆ ಮಾವ ಹಲಸಿನ ಮರದಿಂದ ಬಿದ್ದ. ಮೇಲೆ ಕೆಂಪಿರುವೆ ಗೂಡಿತ್ತಂತೆ, ಮುಖಕ್ಕೆ ಹತ್ಕೊಂಡ್ವು, ಕೈ ಬಿಟ್ಟ. ಜೀವ ಉಳೀತು, ಬಲಗಾಲು ನೆಟ್ಟಗಾಗ್ಲಿಲ್ಲ. ಮರ ಹತ್ತೋನಿಗೆ ಕಾಲು ಹೋದ್ರೆ ಇನ್ನೇನಿದೆ ಹೇಳಿ. ಆಸ್ಪತ್ರೆಯಿಂದ ಬಂದ ಸಂಜೆ ಗೋಡೆಗೆ ಒರಗಿ ಕೂತಿದ್ದ. ಅಜ್ಜಿ ಎಂದಿನಂಗೇ ಕೇಳಿದ್ಲು. ಮಾವ ತನ್ನ ಕಾಲನ್ನೇ ನೋಡ್ತಾ ಕೂತ. "ತಲೆ ಉಳೀತಲ್ಲ, ಅದನ್ನೇ ಹೇಳೋ" ಅಂದ್ಲು. ಮಾವ ತಟ್ಟೆ ತಳ್ಳಿಬಿಟ್ಟ. "ನೀನು ಹತ್ತಿ ಬೀಳು. ಆಮೇಲೆ ನಾನು ಬಂದು ಕೇಳ್ತೀನಿ, ಏನೊಳ್ಳೇದಾಯ್ತು ಅಂತ." ಅಷ್ಟು ಹೇಳಿ ಗೋಡೆ ಕಡೆ ತಿರುಗಿ ಮಲಗಿದ.

ಅಜ್ಜಿ ಅವನಿಗೆ ಬಡಿಸ್ಲಿಲ್ಲ. ತಾನೂ ಉಣ್ಲಿಲ್ಲ. ಮಾರನೇ ಸಂಜೆಯೂ ಅದೇ. ಹಗಲೆಲ್ಲಾ ಮಾವ ಕರಿ ಕಾಫಿ ಕುಡ್ಕೊಂಡು ಬಿದ್ದಿರೋನು. ಕೆನ್ನೆ ಒಳಗೆ ಹೋಯ್ತು. ಅಮ್ಮಂಗೆ ತಡೀಲಿಲ್ಲ. "ಅವ್ವಾ, ನಿನ್ನ ಕಾನೂನು ಒಲೆಗೆ ಹಾಕು. ಉಪಾಸ ಬಿದ್ದು ಸತ್ತೋಗ್ತಾನೆ ಅವ್ನು" ಅಂತ ಕೂಗಾಡಿದ್ಲು. ಅಜ್ಜಿ ಮೆತ್ತಗೆ ಹೇಳಿದ್ಲು, "ಹಿಂಗೆ ಬಾಯಿ ಮುಚ್ಕೊಂಡ್ರೂ ಸಾಯ್ತಾನೆ ಕಣೇ."

ಅದರ ಮಾರನೇ ದಿನ ಒಣಮೀನಿನ ಸಾರು. ಅಜ್ಜಿ ಯಾರನ್ನೂ ಏನೂ ಕೇಳ್ಲಿಲ್ಲ. ಎಲ್ರಿಗೂ ಅನ್ನ ಹಾಕಿ, ಸಾರು ಬಿಟ್ಟು, ಒಂದು ತಟ್ಟೆ ಎತ್ಕೊಂಡು ಮಾವನ ಹತ್ರ ಮಂಡಿ ಊರಿ ಕೂತ್ಲು. "ಒಳ್ಳೇದು ಏನೂ ಆಗಿಲ್ಲ. ನಂಗೂ ಕಾಣ್ತದೆ. ನಂಗೂ ಸಾಕಾಗಿದೆ. ಉಣ್ಣು ಮಗಾ" ಅಂದ್ಲು. ಅಜ್ಜಿ ಬಾಯಲ್ಲಿ ಸಾಕಾಗಿದೆ ಅನ್ನೋ ಮಾತು ನಾನು ಕೇಳಿರ್ಲೇ ಇಲ್ಲ. ನಂಗೆ ಹೆದ್ರಿಕೆ ಆಯ್ತು. ಅಮ್ಮನ ತುತ್ತು ಕೈಯಲ್ಲೇ ನಿಂತಿತ್ತು. ಮಾವ ತಿರುಗಿದ, ಕಲಸಿದ, ಒಂದು ತುತ್ತು ಬಾಯಿಗಿಟ್ಟ. ಯಾರ ಮುಖಾನೂ ನೋಡ್ದೆ ಹೇಳ್ದ, "ಉಪ್ಪು ಸರಿ ಇದೆ."

"ಸದ್ಯ," ಅಂದ್ಲು ಅಜ್ಜಿ, "ನಾಲಿಗೆ ಉಳೀತಲ್ಲ."

ಮಾವ ನಕ್ಬಿಟ್ಟ. ನಗ್ತಾ ನಗ್ತಾ ಅನ್ನ ನೆತ್ತಿಗೆ ಹತ್ತಿ ಕಣ್ಣೆಲ್ಲಾ ನೀರು. ಅಜ್ಜಿ ಅವನ ಬೆನ್ನು ತಟ್ತಾ, ಅದೇ ತಟ್ಟೆಯಿಂದ ತಾನೂ ಒಂದು ತುತ್ತು ತಗೊಂಡ್ಲು.

ಆಮೇಲೆ ಎಲ್ಲಾ ಸರಿಹೋಯ್ತು ಅಂತ ಅನ್ಕೋಬೇಡಿ. ಕಾಲು ಹಂಗೇ ಇತ್ತು. ಮಾವ ಕುಶಾಲನಗರದ ಶುಂಠಿ ಮಂಡೀಲಿ ಕಾವಲಿಗೆ ಕೂತ. ಮೊದ್ಲು ಅಜ್ಜಿ ತೀರ್ಕೊಂಡ್ಲು, ಆಮೇಲೆ ಮಾವ, ಹೋದ ಮಳೆಗಾಲ ಅಮ್ಮ. ಲೈನ್ ಕೆಡವಿ ಹೋಂಸ್ಟೇಗೆ ಬರೋರ ಕಾರು ನಿಲ್ಸೋಕೆ ಜಾಗ ಮಾಡಿದಾರೆ. ನಮ್ಮ ಒಲೆ ಇದ್ದ ಕಡೆ ಈಗ ಇಂಜಿನ್ ಆಯಿಲ್ ಕಲೆ. ಯಾರ್ಯಾರೋ ಬೆಳಿಗ್ಗೆ ಮೊಬೈಲಿಗೆ ಹೂವಿನ ಚಿತ್ರ ಕಳಿಸ್ತಾರೆ, ದಿನಾ ಥ್ಯಾಂಕ್ಸ್ ಹೇಳಿ, ಪಾಸಿಟಿವ್ ಆಗಿರಿ ಅಂತ. ಕಳಿಸೋರು ಮರ ಹತ್ತಲ್ಲ. ನಿಮ್ಮ ಮನೇಲೂ ಸೌಟು ಹಿಡ್ಕೊಂಡು ಕೇಳೋರು ಯಾರೋ ಇದ್ದಿರ್ಬೇಕು, ನಿಮಗೆ ಗೊತ್ತಾಗ್ತದೆ ನಾನೇನು ಹೇಳ್ತಿದೀನಿ ಅಂತ.

ಇವತ್ತು ಮರ ಇಳಿಯೋ ಹೊತ್ತಿಗೆ ತೊಡೆ ನಡುಗ್ತಿತ್ತು. ರೂಮಿಗೆ ಬಂದು ಒಬ್ನೇ ಅನ್ನ ಮಾಡ್ಕೊಂಡೆ. ಸಾರಿಗೆ ಉಪ್ಪು ಕಮ್ಮಿ ಆಗಿತ್ತು. ಎದ್ದು ಹಾಕ್ಕೊಳ್ಳೋಕೂ ಮೈ ಬರ್ಲಿಲ್ಲ. ಆದ್ರೂ ಎದ್ದೆ. ಒಂದು ಚಿಟಿಕೆ ಹಾಕಿ, ಕಲಸಿ, ಮೇಣದ ವಾಸನೆ ಕೈಯಲ್ಲೇ ಬಾಯಿಗಿಟ್ಟೆ. ಗ್ಯಾಸ್ ಒಲೆ ಕಡೆ ತಿರುಗಿ ಮಾವ ಅಂದಿದ್ದ ಆ ಉಪ್ಪಿನ ಮಾತು ಹೇಳ್ದೆ. ಕೇಳೋರು ಯಾರೂ ಇರ್ಲಿಲ್ಲ. ಆಮೇಲೆ ಉಂಡೆ.