ಕೋರ್ಟಿಗೆ ಹೋದ ಬಾಗಿಲು

ಗಂಜಾಂನಲ್ಲಿ ನಾನು ಬಾಡಿಗೆಗಿದ್ದ ಮನೆಗೆ ಎರಡು ತಿಂಗಳು ಬಾಗಿಲೇ ಇರಲಿಲ್ಲ. ಅರವತ್ತರ ದಶಕದ ಮಾತು. ಗಂಡ ಸತ್ತಿದ್ದ. ಮುಂದಿನ ಅಂಕಣದಲ್ಲಿ ಒಲೆ ಹಾಕಿಕೊಂಡು ಪುರಿ ಹುರಿದು ಮಾರುತ್ತಿದ್ದೆ. ಮನೆ ಹೋದರೆ ಒಲೆ ಹೋಯಿತು, ಒಲೆ ಹೋದರೆ ಊಟ ಹೋಯಿತು.

ಮನೆ ಬಿಡು ಅಂತ ಅದರ ಯಜಮಾನ ಮೂರು ಸಲ ಹೇಳಿದ. ನಾನು ಕೇಳಿಸದವಳ ಹಾಗೆ ಹುರಿಯುತ್ತಾ ಕೂತೆ. ನಾಲ್ಕನೇ ಸಲ ಬಡಗಿಯನ್ನೇ ಕರೆತಂದು, "ಗೆದ್ಲಿಡ್ದದೆ, ರಿಪೇರಿ ಮಾಡುಸ್ಕೊಡ್ತೀನಿ" ಅಂತ ಬಾಗಿಲು ಕಿತ್ತು ಹೊರಿಸಿಕೊಂಡು ಹೋದ. ನಾಯಿ ನುಗ್ಗಿದರೆ ತಾನೇ ಹೋಗುತ್ತಾಳೆ ಅನ್ನುವ ಲೆಕ್ಕ. ನಾನು ಗೋಣಿತಾಟು ಕಟ್ಟಿಕೊಂಡೆ. ನಾಯಿಯೂ ಬಂತು. ಪುರಿ ಹಾಕಿದೆ, ಕಾವಲಿಗೆ ಮಲಗಿತು.

ಬೇಸಗೆಯಲ್ಲಿ ಒಂದು ಬೆಳಿಗ್ಗೆ ಕೋರ್ಟಿನ ಅಮೀನ ಇಬ್ಬರು ಆಳು ಕರೆದುಕೊಂಡು ಬಂದ.

"ಸಾಮಾನ್ ಎತ್ಕಳಮ್ಮ. ಮನೆ ಖಾಲಿ ಮಾಡ್ಸು ಅಂತ ಡಿಕ್ರಿ ಆಗದೆ."

"ಯಾರ್ನ ಕೇಳಿ ಆಯ್ತು?"

"ನೀನ್ ಕೋರ್ಟಿಗೇ ಬರ್ನಿಲ್ಲ. ಸಮನ್ಸು ಬಾಗ್ಲಿಗೆ ಅಂಟ್ಸಿ ಬಂದಿವ್ನಲ್ಲ ನಾನೇ."

"ಎಲ್ಲಿ, ಬಾಗ್ಲು ತೋರ್ಸಪ್ಪ ನೋಡಾನ."

ಅಮೀನ ಗೋಣಿತಾಟು ನೋಡಿದ. ನಾಯಿಯನ್ನು ನೋಡಿದ. ಆಳುಗಳು ಕಿಸಕ್ಕನೆ ನಕ್ಕರು.

"ಯಜಮಾನ್ರು ಉಪ್ಪಿಟ್ಟು ಕಾಪಿ ಕೊಟ್ರು. ಇತ್ಲಲ್ಲಿ ಬಾಗ್ಲು ಒರಗ್ಸಿತ್ತು. ಇದೇಯ ಆ ಮನೆ ಬಾಗ್ಲು, ಅಂಟ್ಸಿ ಅಂದ್ರು. ಅಂಟ್ಸುದೆ," ಅಂದ. ಸುಳ್ಳು ಹೇಳುವ ಮನುಷ್ಯನಲ್ಲ, ಪಾಪ. ಊಟ ಕೊಟ್ಟ ಕಡೆ ಕಣ್ಣು ಮುಚ್ಚುವ ಮನುಷ್ಯ. "ನಾಳೆ ಮಧ್ಯಾನ ಬತ್ತೀನಿ, ಅಷ್ಟ್ರಲ್ಲಿ ಏನಾರ ಮಾಡ್ಕೊ," ಅಂತ ಹೊರಟುಹೋದ.

ಶ್ರೀರಂಗಪಟ್ಟಣದ ಕೋರ್ಟಿನ ಎದುರು ಕೂರುತ್ತಿದ್ದ ಹೊಸ ವಕೀಲರೊಬ್ಬರ ಹತ್ತಿರ ಓಡಿದೆ. ಅವರು ಕ್ಯಾಲೆಂಡರ್ ನೋಡಿ ತಲೆ ಕೆರೆದುಕೊಂಡರು.

"ನಾಳೆ ಬಿಟ್ರೆ ಕೋರ್ಟಿಗೆ ಬೇಸಗೆ ರಜ ಕಣಮ್ಮ. ಬೆಳಿಗ್ಗೆ ಮೊದಲನೇದಾಗಿ ತುರ್ತು ಅರ್ಜಿ ಹಾಕಿ ತಡೆಯಾಜ್ಞೆ ತಗೋಬೇಕು. ನಿಮಗೆ ಸಮನ್ಸ್ ಮುಟ್ಟಿಲ್ಲ ಅನ್ನೋದಕ್ಕೆ ಏನಾದ್ರೂ ಆಧಾರ ಬೇಕು."

"ಬಾಗ್ಲನ್ನೇ ತತ್ತೀನಿ ಬುಡಿ," ಅಂದೆ.

ಅವರು ನಕ್ಕರು. ತಮಾಷೆ ಅಂದುಕೊಂಡರು.

ಮಾರನೇ ದಿನ ಬೆಳಗಾಗುತ್ತಲೇ ಯಜಮಾನನ ಮನೆಯ ಹಿತ್ತಲಿಗೆ ಹೋದೆ. ಯಜಮಾನ ನದಿಗೆ ಸ್ನಾನಕ್ಕೆ ಹೋಗುವ ಹೊತ್ತು ನನಗೆ ಗೊತ್ತಿತ್ತು. ನನ್ನ ಬಾಗಿಲನ್ನು ನಾಲ್ಕು ಇಟ್ಟಿಗೆಯ ಮೇಲೆ ಮಲಗಿಸಿ ಅವನ ಹೆಂಡತಿ ಅದರ ತುಂಬಾ ಸಂಡಿಗೆ ಇಟ್ಟಿದ್ದಳು. ಸಮನ್ಸಿನ ಮೇಲೂ ನಾಲ್ಕು ಸಂಡಿಗೆ.

"ಅಕ್ಕಾ, ಬಾಗ್ಲು ರಿಪೇರಿ ಆಯ್ತಂತಲ್ಲ. ಒಯ್ಯಾನ ಅಂತ ಬಂದೆ."

"ಅಯ್ಯೋ, ನಂಗೊಂದ್ ಮಾತ್ ಹೇಳ್ನಿಲ್ಲ ನೋಡವ್ವ ಅವ್ರು. ತಡಿ, ಸಂಡ್ಗೆ ಎತ್ಕೊಬುಡ್ತೀನಿ."

ಇಬ್ಬರೂ ಕೂತು ಸಂಡಿಗೆ ಬಿಡಿಸಿದೆವು. ಕಾಗದದ ಮೇಲಿನವು ಬಿಡಲಿಲ್ಲ. "ಇರ್ಲಿ ಬುಡಕ್ಕ, ಕಿತ್ರೆ ಕಾಗ್ದ ಅರ್ದೋಯ್ತದೆ," ಅಂತ ಹಾಗೇ ಎತ್ತಿನಗಾಡಿಗೆ ಹಾಕಿಸಿದೆ.

ಬಾಗಿಲು ಕೋರ್ಟಿನ ಒಳಗೆ ಬಂದಾಗ ವಕೀಲರು ಬೆವರಿದರು. ಜಡ್ಜು ಕನ್ನಡಕ ಏರಿಸಿದರು.

"ಏನಮ್ಮ ಇದು?"

"ನಮ್ ಮನೆ ಬಾಗ್ಲು ಬುದ್ದೀ. ತಾವ್ ಕಳ್ಸಿದ್ ಕಾಗ್ದ ಇದ್ರ ಮೇಲದೆ. ಎಲ್ಡ್ ತಿಂಗ್ಳಿಂದ ಬಾಗ್ಲು ಅವ್ರ ಇತ್ಲಲ್ಲಿ ಅದೆ, ನಾನು ನಮ್ ಮನೇಲಿವ್ನಿ."

ಜಡ್ಜು ಕೆಳಗಿಳಿದು ಬಂದು ನೋಡಿದರು. ಉಗುರಿನಲ್ಲಿ ಒಂದು ಸಂಡಿಗೆ ಕೆರೆದು ನೋಡಿದರು. ಅಮೀನನನ್ನು ಕರೆಸಿ ಕೇಳಿದರು. ಅವನು ಉಪ್ಪಿಟ್ಟಿನ ಸಮೇತ ಒಪ್ಪಿಕೊಂಡ. ಆ ಕಡೆಯ ವಕೀಲ ಎದ್ದು, ಹೇಗಾದರೂ ಈಕೆಗೆ ಗೊತ್ತಾಗಿಯೇ ಇರುತ್ತದೆ ಅಂದ.

"ಗೊತ್ತಾಗಿರುತ್ತೆ ಅಂತ ಮನೆ ಖಾಲಿ ಮಾಡಿಸೋಕಾಗಲ್ಲ. ಆಕೆ ಮಾತು ನಾನು ಇನ್ನೂ ಕೇಳೇ ಇಲ್ಲ," ಅಂದರು ಜಡ್ಜು. ರಜೆ ಮುಗಿಯುವ ತನಕ ಯಾರೂ ನನ್ನನ್ನು ಮುಟ್ಟಬಾರದು ಅಂತ ಬರೆದರು. ಬಾಗಿಲು ಇವತ್ತೇ ಹಾಕಿಸಬೇಕು ಅಂತಲೂ ಬರೆದರು. ಸಂಜೆ ಅದೇ ಬಡಗಿ ಬಂದ. ಯಜಮಾನ ಪಕ್ಕದಲ್ಲಿ ನಿಂತು ಮೊಳೆ ಕೊಟ್ಟ.

ರಜೆ ಮುಗಿದ ಮೇಲೆ ಡಿಕ್ರಿ ರದ್ದು ಮಾಡಿ, ಕೇಸು ಮೊದಲಿಂದ ಕೇಳಿದರು. ಯಜಮಾನನ ಮಗನಿಗೆ ಮದುವೆಯಾಗಿತ್ತು, ಮನೆ ನಿಜವಾಗಿಯೂ ಬೇಕಿತ್ತು. ಅದನ್ನು ನಾನೂ ಅಲ್ಲ ಅನ್ನಲಿಲ್ಲ. ನಿನಗೆ ಎಷ್ಟು ಸಮಯ ಬೇಕಮ್ಮ ಅಂತ ಜಡ್ಜು ಕೇಳಿದರು.

"ಎಲ್ಡ್ ವರ್ಸ ಬುದ್ದೀ."

ಒಂದು ವರ್ಷ ಕೊಟ್ಟರು. ಅರಕೆರೆಯಲ್ಲಿ ಬಸ್ಸು ನಿಲ್ಲುವ ಕಡೆ ನಾನು ಆಗಲೇ ಒಂದು ಜಾಗ ಗೊತ್ತು ಮಾಡಿದ್ದೆ, ಅದು ಆರು ತಿಂಗಳಿಗೆ ಖಾಲಿಯಾಗುವುದಿತ್ತು. ಉಳಿದ ಆರು ತಿಂಗಳು ಸುಮ್ಮನೆ ಆ ಮನೆಯಲ್ಲೇ ಇದ್ದೆ.