ಎರಡನೆಯ ಸಾಲು

ಗೌರಿಬಿದನೂರಿನಲ್ಲಿ ನನ್ನ ಬಾಡಿಗೆ ಮನೆಯ ಪಕ್ಕದಲ್ಲಿದ್ದ ಅಲೀಪುರದ ಆಪಾ, ಊಟಕ್ಕೆ ಕೂತ ತಕ್ಷಣ ಬಡಿಸಿದವರೇ ಅಲ್ಲ. ಸೌಟು ಹಿಡಿದುಕೊಂಡೇ ಪ್ರಾರ್ಥನೆಯ ಮೊದಲ ಸಾಲು ಹೇಳುವರು. ಎರಡನೆಯದು ದೊಡ್ಡ ಮಗಳದು, ಮೂರನೆಯದು ಮಗನದು, ಕೊನೆಯದು ಚಿಕ್ಕವಳದು. ಗಂಡನದು ಬರೀ ಆಮೀನ್. ಆಮೇಲೆ ನನ್ನತ್ತ ತಿರುಗಿ, "ಎಲ್ಲಾರೂ ಇದಾರೆ ಟೀಚರಮ್ಮ, ಬಡಿಸ್ತೀನಿ" ಎನ್ನುವರು. ಪ್ರತಿ ಭಾನುವಾರ ಅವರ ಮನೆಯಲ್ಲೇ ಉಣ್ಣುತ್ತಿದ್ದ ನಾನು, ಬಿರಿಯಾನಿ ಆರುತ್ತಿದೆಯಲ್ಲ ಎಂದು ಒಳಗೊಳಗೇ ಸಿಡಿಮಿಡಿಗೊಳ್ಳುತ್ತಿದ್ದೆ.

ಒಮ್ಮೆ ಕೇಳಿಯೇಬಿಟ್ಟೆ. ಗಂಡನ ಓದಿಗೆಂದು ಸಂಸಾರವೆಲ್ಲ ಇದ್ದ ಇರಾಕಿಗೂ ಪಕ್ಕದ ಇರಾನಿಗೂ ಯುದ್ಧ ಶುರುವಾದಾಗ, ಶಿಯಾಗಳೆಲ್ಲ ಶತ್ರುವಿನ ಕಡೆಯವರೆಂದು ಸೈನಿಕರು ಇವರನ್ನೂ ಟ್ರಕ್ಕಿಗೆ ತುಂಬಿ ಗಡಿಗೆ ಅಟ್ಟಿದರಂತೆ. ಟಾರ್ಪಾಲಿನ ಕತ್ತಲಲ್ಲಿ ಮಕ್ಕಳ ಮುಖ ಕಾಣದು, ಹೆಸರು ಕೂಗಲು ಭಯ. ಆಪಾ ಪ್ರಾರ್ಥನೆಯನ್ನೇ ಮಕ್ಕಳಿಗೆ ಹಂಚಿದರು. ಮೂರು ಸಾಲೂ ಕೇಳಿಸಿದರೆ ಮೂವರೂ ಇದ್ದಾರೆ ಎಂದರ್ಥ.

"ಪೂರ್ತಿ ಯಾರಿಗೂ ಬರಲ್ಲ" ಎಂದು ಆಪಾ ನಕ್ಕರು. "ಮದರಸಾದಲ್ಲಿ ಕೇಳಿದ್ರೆ ಮಗ ಅವನ ಸಾಲು ಹೇಳಿ ಸುಮ್ನೆ ನಿಂತ್ಕೊಂಡ್ನಂತೆ. ಮುಂದಿಂದಕ್ಕೆ ತಂಗಿನ ಕರ್ಸಿ ಅಂದ್ನಂತೆ."

ದೊಡ್ಡ ಮಗಳು ಮದುವೆಯಾಗಿ ಹೈದರಾಬಾದಿಗೆ ಹೋದ ಮೇಲಿನ ಮೊದಲ ಭಾನುವಾರ, ಆಪಾ ತಮ್ಮ ಸಾಲು ಹೇಳಿದರು. ಎರಡನೆಯದು ಬರಲಿಲ್ಲ. ಸೌಟು ಹಾಗೇ ನಿಂತಿತು. ವರ್ಷಗಟ್ಟಲೆ ಕೇಳಿ ಬಾಯಿಪಾಠವಾಗಿದ್ದ ಆ ಸಾಲನ್ನು ನಾನು ತಡವರಿಸುತ್ತ ಹೇಳಿದೆ. ಮಗ ಕಿಸಕ್ಕನೆ ನಕ್ಕು ತನ್ನದನ್ನು ಹೇಳಿದ, ಚಿಕ್ಕವಳೂ ಹೇಳಿದಳು.

ಆಪಾ ನನ್ನ ತಟ್ಟೆಗೆ ಬಿರಿಯಾನಿ ಹಾಕುತ್ತ, "ಇನ್ಮೇಲೆ ಭಾನ್ವಾರ ತಪ್ಪಿಸ್ಬೇಡ ಕಣಮ್ಮ" ಎಂದರು. "ನೀನು ಬರ್ದೆ ಇಲ್ಲಿ ಯಾರಿಗೂ ಊಟ ಇಲ್ಲ."